ಸಿದ್ದಯ್ಯನನ್ನು ಬೋರ್ಡಿಗೆ ಕರೆದ ದಿನ

೧೯೨೭ನೆಯ ಇಸವಿಯಲ್ಲಿ ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಗಣಿತದ ಲೆಕ್ಚರರ್ ಆಗಿದ್ದೆ. ಆಗ ನನಗೆ ಮೂವತ್ತನಾಲ್ಕು ವರ್ಷ. ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು. ಆ ಜೂನ್ ತಿಂಗಳಲ್ಲಿ ಸೀನಿಯರ್ ಇಂಟರ್‌ಮೀಡಿಯೆಟ್ ತರಗತಿಯನ್ನು ನನಗೆ ವಹಿಸಿದರು. ಹೈಸ್ಕೂಲು ಮುಗಿಸಿದವರು ಡಿಗ್ರಿಗೆ ಹೋಗುವ ಮೊದಲು ಎರಡು ವರ್ಷ ಓದಬೇಕಾಗಿದ್ದ ಹಂತ ಅದು. ಎರಡನೆಯ ವರ್ಷದ ಕೊನೆಗೆ, ಮಾರ್ಚ್ ತಿಂಗಳಲ್ಲಿ, ಯೂನಿವರ್ಸಿಟಿ ಪರೀಕ್ಷೆ. ಹಾಜರಿ ಪುಸ್ತಕದಲ್ಲಿ ನಲವತ್ತೆರಡು ಹೆಸರುಗಳಿದ್ದವು. ಕೊನೆಯದು ಎಂ. ಸಿದ್ದಯ್ಯ.

ಸಿದ್ದಯ್ಯ ಆದಿ ಕರ್ನಾಟಕ ಜಾತಿಯವನು. ಆಗಿನ ಊರ ಮಾತಿನಲ್ಲಿ ಹೇಳುವುದಾದರೆ ಮುಟ್ಟಬಾರದವನು. ಮೊದಲ ವರ್ಷವನ್ನು ಬೆಂಗಳೂರಿನಲ್ಲಿ ಓದಿದ್ದ. ತಂದೆ ಮೈಸೂರಿನ ಕುದುರೆ ಲಾಯದಲ್ಲಿ ಹುಲ್ಲು ಹೊರುವ ಆಳು. ಕುದುರೆ ಒದ್ದು ಅವರ ಕಾಲು ಮುರಿದಿದ್ದರಿಂದ ಮಗ ವರ್ಗ ಮಾಡಿಸಿಕೊಂಡು ಊರಿಗೆ ಬಂದಿದ್ದ. ಬೆಂಗಳೂರಿನಿಂದ ಅವನ ಪ್ರೊಫೆಸರು ಬರೆದಿದ್ದ ಕಾಗದದಲ್ಲಿ ಒಂದೇ ವಾಕ್ಯವಿತ್ತು: ಈ ವಿದ್ಯಾರ್ಥಿಗೆ ಗಣಿತ ಕಲಿಸುವ ಅಗತ್ಯ ಕಡಿಮೆ, ದಾರಿ ಬಿಡುವ ಅಗತ್ಯ ಹೆಚ್ಚು.

ಮೊದಲ ದಿನ ಅವನು ಎರಡನೆಯ ಬೆಂಚಿನ ತುದಿಯಲ್ಲಿ ಕೂತ. ಐದು ನಿಮಿಷದಲ್ಲಿ ಆ ಬೆಂಚು ಖಾಲಿಯಾಯಿತು. ಆಮೇಲೆ ಅದರ ಹಿಂದಿನದು, ಮುಂದಿನದು. ನೋಡುತ್ತಿದ್ದ ಹಾಗೆ ಇಡೀ ತರಗತಿ ಗೋಡೆಗೆ ಒರಗಿ ನಿಂತಿತು. ಅವರಲ್ಲಿ ಮೂರು ನಾಲ್ಕು ಜಾತಿಯವರಿದ್ದರು. ಬೇರೆ ಹೊತ್ತಿನಲ್ಲಿ ಒಬ್ಬರ ಕೈಯ ನೀರನ್ನು ಒಬ್ಬರು ಕುಡಿಯದವರು, ಈ ವಿಷಯದಲ್ಲಿ ಒಂದಾಗಿದ್ದರು. ಅವರ ಪರವಾಗಿ ಮಾತಾಡಿದವನು ನಂಜರಾಜ. ದೊಡ್ಡ ಮನೆಯ ಹುಡುಗ, ಚುರುಕು, ಅದುವರೆಗೆ ಗಣಿತದಲ್ಲಿ ಅವನೇ ಮೊದಲಿಗ.

“ಸಾರ್, ಇವ್ನು ಒಳಗೆ ಕೂತ್ರೆ ನಾವು ಮನೆಗೆ ಹೋಗಿ ತಲೆಗೆ ನೀರು ಹಾಕ್ಕೋಬೇಕು. ದಿನಾ ಎರಡೆರಡು ಸಲ ಸ್ನಾನ ಮಾಡ್ಕೊಂಡು ನಾವು ಓದೋದು ಯಾವಾಗ?” ಅಂದ. ಎಲ್ಲರೂ ನಕ್ಕರು.

ನಾನು ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು ಕಾಗದದಿಂದ ತಲೆ ಎತ್ತದೆ, “ರಾಯಪ್ಪನವರೇ, ಗಲಾಟೆ ಆಗದ ಹಾಗೆ ನೋಡಿಕೊಳ್ಳಿ. ಹೇಗೆ ಅಂತ ನಾನು ಕೇಳೋದಿಲ್ಲ,” ಅಂದರು.

ನಾನು ಕಂಡುಕೊಂಡ ದಾರಿ ಇದು: ಹೊರಗಿನ ವರಾಂಡದಲ್ಲಿ, ಕಿಟಕಿಯ ಪಕ್ಕಕ್ಕೆ ಒಂದು ಸ್ಟೂಲು ಹಾಕಿಸಿದೆ. ಅಲ್ಲಿಂದ ಬೋರ್ಡಿನ ಮುಕ್ಕಾಲು ಭಾಗ ಕಾಣುತ್ತಿತ್ತು. ನಾನು ಸ್ವಲ್ಪ ಗಟ್ಟಿಯಾಗಿ ಪಾಠ ಮಾಡುತ್ತಿದ್ದೆ, ಬರೆಯುವುದನ್ನೆಲ್ಲ ಬೋರ್ಡಿನ ಎಡಗಡೆಗೇ ಬರೆಯುತ್ತಿದ್ದೆ. ಅವನಿಗೆ ನಾನು ಮಾಡುತ್ತಿರುವ ಉಪಕಾರ ದೊಡ್ಡದೆಂದು ಎಂಟು ತಿಂಗಳು ನಂಬಿಕೊಂಡಿದ್ದೆ.

ಮಳೆಗಾಲದಲ್ಲಿ ಎರಚಲು ಹೊಡೆದು ಅವನ ನೋಟ್‌ಪುಸ್ತಕ ತೊಯ್ದುಹೋಗುತ್ತಿತ್ತು. ಅವನು ಅದನ್ನು ಅಂಗಿಯೊಳಗೆ ಇಟ್ಟುಕೊಂಡು, ಕಣ್ಣಲ್ಲೇ ನೋಡಿ, ಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದ. ನವೆಂಬರ್‌ನಲ್ಲಿ ಪ್ಯಾರಾಬೋಲ ಪಾಠ ನಡೆಯುತ್ತಿತ್ತು. ಎಸೆದ ಕಲ್ಲು ಗಾಳಿಯಲ್ಲಿ ಬಿಡಿಸುವ ರೇಖೆಯೇ ಪ್ಯಾರಾಬೋಲ. ಅದರೊಳಗೆ ಫೋಕಸ್ ಎಂಬ ಒಂದು ಬಿಂದು ಇರುತ್ತದೆ. ಆ ಬಿಂದುವಿನ ಮೂಲಕ ಹಾಯುವ ಗೆರೆಗಳನ್ನೆಲ್ಲ ಎಳೆದು, ಅವುಗಳ ನಡುಬಿಂದುಗಳನ್ನು ಸೇರಿಸಿದರೆ ಯಾವ ಆಕಾರ ಬರುತ್ತದೆ ಎಂಬುದು ಪ್ರಶ್ನೆ. ಉತ್ತರ ಇನ್ನೊಂದು ಪ್ಯಾರಾಬೋಲ, ಅರ್ಧದಷ್ಟು ಅಳತೆಯದು. ನಾನು ಒಂದು ಪುಟ ಆಲ್ಜೀಬ್ರಾ ಬರೆದು ಸಾಧಿಸಿದೆ. ಪಾಠ ಮುಗಿದ ಮೇಲೆ ಸಿದ್ದಯ್ಯ ಕಿಟಕಿಯ ಸರಳಿನ ನಡುವೆ ಒಂದು ಚೀಟಿ ತೂರಿಸಿದ. ಅದೇ ಸಾಧನೆ ಮೂರು ಸಾಲಿನಲ್ಲಿತ್ತು. ಆ ಮೂರು ಸಾಲಿನ ದಾರಿ ದೊಡ್ಡ ಪುಸ್ತಕಗಳಲ್ಲಿ ಇದೆ ಎಂದು ನನಗೆ ಗೊತ್ತಿತ್ತು. ಅವನು ಆ ಪುಸ್ತಕಗಳನ್ನು ಕಂಡಿರಲಿಲ್ಲ. ಲೈಬ್ರರಿಯ ಒಳಗೆ ಅವನನ್ನು ಬಿಡುತ್ತಿರಲಿಲ್ಲ.

ಜನವರಿ ಕೊನೆಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಸಿದ್ದಯ್ಯನಿಗೆ ನೂರಕ್ಕೆ ತೊಂಬತ್ತನಾಲ್ಕು. ಎರಡನೆಯವನಾದ ನಂಜರಾಜನಿಗೆ ಎಪ್ಪತ್ತೊಂದು. ಅಂಕಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಹಚ್ಚಿದ ಅರ್ಧ ಗಂಟೆಯಲ್ಲಿ ಯಾರೋ ಸಿದ್ದಯ್ಯನ ಹೆಸರಿನ ಮೇಲೆ ಸಗಣಿ ಬಳಿದಿದ್ದರು. ಮಧ್ಯಾಹ್ನದ ಹೊತ್ತಿಗೆ ಅವನು ಕಾಪಿ ಹೊಡೆದನೆಂಬ ಸುದ್ದಿ ಹಬ್ಬಿತ್ತು. ವರಾಂಡದಲ್ಲಿ ಒಂಟಿಯಾಗಿ ಕೂತವನು ಯಾರಿಂದ ಕಾಪಿ ಹೊಡೆದಾನು ಎಂದು ಯಾರೂ ಕೇಳಲಿಲ್ಲ. ಪ್ರಶ್ನೆಪತ್ರಿಕೆಯನ್ನು ಮುಂಚೆಯೇ ಕೊಟ್ಟವನು ನಾನೇ ಎಂದು ಕೆಲವರು ಅಂದರು.

ಮಾರನೆಯ ದಿನ ಅವನು ಸ್ಟಾಫ್ ರೂಮಿನ ಬಾಗಿಲಾಚೆ ಬಂದು ನಿಂತ.

“ಸಾರ್, ನನ್ನ ಒಳೀಕ್ ಕರೀರಿ. ಎಲ್ಲಾರ ಮುಂದೇನೇ ಬೋರ್ಡ್ ಮೇಲೆ ಮಾಡಿ ತೋರಿಸ್ತೀನಿ.”

“ಈಗ ಬೇಡ ಕಣಯ್ಯ. ಪರೀಕ್ಷೆಗೆ ಇನ್ನು ಆರೇಳು ವಾರ ಇದೆ. ಸುಮ್ಮನೆ ಓದಿಕೋ. ಅವರು ಹಿಡಿದು ಬಡಿದಾರು.”

“ಬಡೀದೆ ಬುಟ್ಟವ್ರಾ ಸಾರ್?” ಎಂದು ಅವನು ತಿರುಗಿ ನಿಂತು ಅಂಗಿ ಎತ್ತಿದ.

ಬೆನ್ನಿನ ಮೇಲೆ ಬಾಸುಂಡೆಗಳು ಒಂದರ ಮೇಲೊಂದು ಎದ್ದಿದ್ದವು. ಹಳೆಯವು ಕಪ್ಪಾಗಿದ್ದವು, ಹೊಸವು ಇನ್ನೂ ಕೆಂಪಗಿದ್ದವು. ಸೊಂಟದ ಹತ್ತಿರ ಬೂಟಿನ ಹಿಮ್ಮಡಿಯ ಗುರುತು ಇತ್ತು. ದಸರೆಯ ರಜೆ ಕಳೆದಾಗಿನಿಂದ ವಾರಕ್ಕೊಂದು ಸಲ, ಕೆಲವು ವಾರ ಎರಡು ಸಲ, ಅವನು ಮನೆಗೆ ಹೋಗುವ ದಾರಿಯಲ್ಲಿ ನಾಲ್ಕೈದು ಜನ ಕಾದು ನಿಂತು ಹೊಡೆಯುತ್ತಿದ್ದರಂತೆ.

“ಯಾಕೆ ಹೇಳಲಿಲ್ಲ?” ಅಂದೆ.

“ಏಳಿದ್ರೆ ನೀವು ನನ್ನ ಇನ್ನೂ ದೂರ ಕೂರಿಸ್ತಿದ್ರಿ ಸಾರ್.”

ನಾನು ಹಾಕಿದ ಸ್ಟೂಲು ಅವನನ್ನು ಒಂದು ಏಟಿನಿಂದಲೂ ಕಾಪಾಡಿರಲಿಲ್ಲ. ಅದು ಕಾಪಾಡಿದ್ದು ನನ್ನನ್ನು.

ಫೆಬ್ರವರಿ ಮೊದಲ ವಾರ, ಬೆಳಗಿನ ಎರಡನೆಯ ಪೀರಿಯಡ್. ನಾನು ಹಾಜರಿ ಕರೆದು, ಅದೇ ಪ್ಯಾರಾಬೋಲದ ಪ್ರಶ್ನೆಯನ್ನು ಬರೆದು, “ಸಿದ್ದಯ್ಯ, ಒಳಗೆ ಬಂದು ಇದನ್ನು ಮಾಡು,” ಅಂದೆ. ಅವನು ಚಪ್ಪಲಿ ಇಲ್ಲದ ಕಾಲನ್ನು ಹೊಸ್ತಿಲಲ್ಲಿ ಒರೆಸಿಕೊಂಡು ಒಳಗೆ ಬಂದ. ಸೀಮೆಸುಣ್ಣ ತೆಗೆದುಕೊಂಡ. ಮೊದಲ ಸಾಲು ಬರೆದ. ಎರಡನೆಯದು ಬರೆದ. ಅವನ ಅಕ್ಷರ ದುಂಡಗೆ, ಅಚ್ಚು ಹಾಕಿದಂತಿತ್ತು. ಮೂರನೆಯ ಸಾಲಿಗೆ ಕೈ ಎತ್ತಿದಾಗ ನಂಜರಾಜ ಎದ್ದು ನಿಂತ.

“ಇವ್ನು ಮುಟ್ಟಿದ ಬೋರ್ಡನ್ನ ನಾಳೆ ನಾವು ಮುಟ್ಬೇಕಾ ಸಾರ್?”

“ಮುಟ್ಟಬೇಕು. ಅವನು ಮಾಡಿದ ಲೆಕ್ಕವನ್ನೂ ಕಲೀಬೇಕು,” ಅಂದೆ.

ನಂಜರಾಜನ ಕೈಯಲ್ಲಿದ್ದ ಹಿತ್ತಾಳೆಯ ಮಸಿಕುಡಿಕೆ ನನ್ನ ಕಿವಿಯ ಪಕ್ಕದಲ್ಲೇ ಹಾದು ಸಿದ್ದಯ್ಯನ ಹಣೆಗೆ ಬಡಿಯಿತು. ಮಸಿ ಯಾವುದು ರಕ್ತ ಯಾವುದು ಗೊತ್ತಾಗದ ಹಾಗೆ ಮುಖದ ಮೇಲೆ ಇಳಿಯಿತು. ಅವನು ಗೋಡೆ ಹಿಡಿದುಕೊಳ್ಳುವಷ್ಟರಲ್ಲಿ ಏಳೆಂಟು ಜನ ಬೆಂಚು ಹಾರಿ ಬಂದು ಮೇಲೆ ಬಿದ್ದರು. ಒಬ್ಬ ಕೂದಲು ಹಿಡಿದು ನೆಲಕ್ಕೆ ಎಳೆದ. ಉಳಿದವರು ಒದೆಯತೊಡಗಿದರು. ಹೊಟ್ಟೆಗೆ ಒದೆ ಬಿದ್ದಾಗ ಬರುವ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾನು ಇಬ್ಬರನ್ನು ರಟ್ಟೆ ಹಿಡಿದು ಎಳೆದು ಹಾಕಿದೆ. ನನ್ನ ಕೋಟು ಹರಿಯಿತು, ಕನ್ನಡಕ ಬಿದ್ದು ಕಾಲಡಿ ಪುಡಿಯಾಯಿತು. ಆಗ ನಂಜರಾಜ, “ಬರೆಯೋ ಕೈ ಕಣ್ರೋ, ಬರೆಯೋ ಕೈ!” ಎಂದು ಕೂಗಿದ್ದು ಕೇಳಿಸಿತು. ಇಬ್ಬರು ಸಿದ್ದಯ್ಯನ ಬಲಗೈಯನ್ನು ನೆಲಕ್ಕೆ ಒತ್ತಿ ಹಿಡಿದರು. ನಂಜರಾಜ ಬೂಟುಗಾಲಿನಲ್ಲಿ ಬೆರಳುಗಳ ಮೇಲೆ ಹತ್ತಿ, ಬೀಡಿ ಹೊಸಕುವ ಹಾಗೆ ಹಿಮ್ಮಡಿ ತಿರುಗಿಸಿದ. ಸಿದ್ದಯ್ಯ ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಆಗ ಕಿರಿಚಿದ.

ಬೋರ್ಡಿನ ಮೇಲೆ ವೃತ್ತ ಬಿಡಿಸಲು ನಾವು ಬಳಸುತ್ತಿದ್ದ ಮರದ ದೊಡ್ಡ ಕೈವಾರ ಮೇಜಿನ ಮೇಲಿತ್ತು. ಒಂದು ಕಾಲಿಗೆ ಸೀಮೆಸುಣ್ಣ, ಇನ್ನೊಂದಕ್ಕೆ ಹಿತ್ತಾಳೆಯ ಮೊನೆ. ಅದು ನನ್ನ ಕೈಗೆ ಹೇಗೆ ಬಂತೋ ನೆನಪಿಲ್ಲ. ನೆನಪಿರುವುದು ಅದು ನಂಜರಾಜನ ಭುಜದ ಮುಂದಿನ ಎಲುಬಿಗೆ ತಗುಲಿದಾಗ ನನ್ನ ಅಂಗೈವರೆಗೆ ಬಂದ ಕಂಪನ. ಎಲುಬು ಮುರಿದದ್ದು ನನಗೆ ತಿಳಿಯಿತು. ಅವನು ಮೊಣಕಾಲೂರಿ ಬಿದ್ದ. ನಾನು ಕೈವಾರವನ್ನು ತಿರುಗಿಸಿ, ಮೊನೆ ಮುಂದೆ ಮಾಡಿ, ಅವನ ತಲೆಗೆ ಮತ್ತೆ ಎತ್ತಿದೆ. ಅವನನ್ನು ಕೊಲ್ಲಬೇಕೆಂದೇ ಎತ್ತಿದೆ. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಯಾರೋ ನನ್ನ ಪಂಚೆಯನ್ನು ಕೆಳಗಿನಿಂದ ಹಿಡಿದು ಜಗ್ಗಿದರು. ಸಿದ್ದಯ್ಯ, ಎಡಗೈಯಲ್ಲಿ.

“ಸಾರ್, ಸತ್ತೋಯ್ತಾನೆ.”

ಅಷ್ಟೇ ಅಂದ. ನನ್ನ ಕೈ ಇಳಿಯಿತು. ಬಾಗಿಲಲ್ಲಿ ಪ್ರಿನ್ಸಿಪಾಲರು, ಜವಾನರು ಬಂದು ನಿಂತಿದ್ದರು.

ಆಸ್ಪತ್ರೆಯಲ್ಲಿ ಹಣೆಗೆ ಏಳು ಹೊಲಿಗೆ ಹಾಕಿದರು. ಬಲಗೈಯ ಮೂರು ಬೆರಳು ಮುರಿದಿದ್ದವು, ಅವುಗಳಲ್ಲಿ ಒಂದು ಬೆರಳು ಎರಡು ಕಡೆ. ಮರದ ಪಟ್ಟಿ ಕಟ್ಟಿದ ಡಾಕ್ಟರು, ಎರಡು ತಿಂಗಳು ಈ ಕೈಯಲ್ಲಿ ಪೆನ್ನು ಹಿಡಿಯುವ ಮಾತೇ ಇಲ್ಲ ಅಂದರು. ಪರೀಕ್ಷೆಗೆ ಆರು ವಾರ ಉಳಿದಿತ್ತು.

ಅವನ ತಾಯಿ ಮಾದಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ಕೈಮುಗಿದರು.

“ಬುದ್ಧೀ, ನಿಮ್ಮ ಕಾಲಿಗ್ ಬೀಳ್ತೀನಿ, ಇವನ್ನ ಬುಟ್ಬುಡಿ. ಲಾಯದಲ್ಲಿ ಉಲ್ಲು ಒರೋ ಕೆಲ್ಸ ಸಿಕ್ತದೆ. ಜೀವ ಒಂದಿದ್ರೆ ಸಾಕು.”

ಅವರ ಬಾಯಲ್ಲಿ ಆ ‘ಬುದ್ಧೀ’ ಕೇಳಿ ನಾನು ಅಲ್ಲೇ ನೆಲದ ಮೇಲೆ ಕೂತೆ. ದೊಡ್ಡ ಜಾತಿಯ ಯಜಮಾನರನ್ನು ಕೇರಿಯವರು ಕರೆಯುವ ಮಾತು ಅದು. ನಮ್ಮದು ಕ್ಯಾಥೊಲಿಕ್ ಮನೆತನ. ತಂದೆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದರು. ಕಾಲೇಜಿನಲ್ಲಿ ಎಲ್ಲರೂ ನನ್ನನ್ನು ಕಿರಸ್ತಾನರ ಮೇಷ್ಟ್ರು ಎಂದು ತಿಳಿದಿದ್ದರು, ಅದಕ್ಕಿಂತ ಹಿಂದಿನದನ್ನು ಕೇಳುತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಅಂದು ಹೇಳಿದೆ.

“ನನ್ನನ್ನು ಹಾಗೆ ಕರೀಬೇಡಿ ಕಣಮ್ಮ. ನಮ್ಮ ತಾತ ಚೌರಪ್ಪ ಹುಟ್ಟಿದ್ದು ನಿಮ್ಮ ಕೇರೀಲೇ. ಅವರು ಚರ್ಚಿಗೆ ಸೇರೋದಕ್ಕೆ ಮುಂಚೆ ಅವರ ಹೆಸರು ಚೌಡ.”

ಮಾದಮ್ಮ ನೆಲ ನೋಡಿದರು. ಮಂಚದ ಮೇಲಿನಿಂದ ಸಿದ್ದಯ್ಯ ಊದಿದ ತುಟಿಯಲ್ಲಿ ನಿಧಾನವಾಗಿ ಮಾತಾಡಿದ.

“ಗೊತ್ತು ಸಾರ್. ನಮ್ಮಜ್ಜಿ ಏಳಿದ್ಲು. ನಮ್ಮೋರೊಬ್ರು ಅಲ್ಲಿ ಲೆಕ್ಕ ಏಳ್ಕೊಡ್ತಾರೆ, ಓಗು ಅಂತ. ಅದಕ್ಕೇ ನಾನು ಆ ಕಾಲೇಜಿಗೇ ಅರ್ಜಿ ಹಾಕಿದ್ದು.”

ಎಂಟು ತಿಂಗಳು ಅವನು ಆ ಸ್ಟೂಲಿನ ಮೇಲೆ ಕೂತು, ಇದನ್ನು ತಿಳಿದುಕೊಂಡೇ, ನನ್ನ ಮುಖ ನೋಡಿದ್ದ. ನನ್ನ ವೃತ್ತಿ ಜೀವನದಲ್ಲಿ ನನಗೆ ಬಿದ್ದ ಏಟುಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ.

ಮೂರನೆಯ ದಿನ ಸಂಜೆ ಆರರ ಹೊತ್ತಿಗೆ ಚರ್ಚಿನ ಹಿಂದಿನ ಬೀದಿಯಲ್ಲಿದ್ದ ನಮ್ಮ ಮನೆಯ ಮುಂದೆ ಇಪ್ಪತ್ತು ಮೂವತ್ತು ಜನ ಸೇರಿದರು. ಕೆಲವರು ವಿದ್ಯಾರ್ಥಿಗಳು, ಹೆಚ್ಚಿನವರು ನಾನು ಕಂಡಿರದ ಗಟ್ಟಿ ಆಳುಗಳು. ಮೊದಲು ಹೆಂಚಿನ ಮೇಲೆ ಕಲ್ಲು ಬಿದ್ದವು. ಆಮೇಲೆ ಕಿಟಕಿಯ ಗಾಜು ಹೋಯಿತು. ಬಾಗಿಲಿನ ಒಂದು ಹಲಗೆಯನ್ನು ಕೊಡಲಿಯಲ್ಲಿ ಸೀಳಿದರು. ನನ್ನ ಹೆಂಡತಿ ಜ್ಞಾನಮ್ಮ ರಾಗಿ ಮುದ್ದೆಗೆ ಎಸರಿಟ್ಟಿದ್ದಳು. ಕುದಿಯುವ ಆ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು, ಸೀಳಿದ ಬಾಗಿಲನ್ನು ತಾನೇ ತೆಗೆದು ಹೊಸ್ತಿಲ ಮೇಲೆ ನಿಂತಳು.

“ಬನ್ರೋ ಒಳೀಕೆ. ಮೊದಲು ಬರೋನು ಯಾರು?”

ಒಂದು ಕಲ್ಲು ಬಂದು ಅವಳ ಬಾಯಿಗೆ ಬಿತ್ತು. ಎರಡು ಹಲ್ಲು ಮುರಿದು ರಕ್ತ ಕುಪ್ಪಸದ ಮೇಲೆ ಸುರಿಯಿತು. ಅವಳು ಪಾತ್ರೆ ಬಿಡಲಿಲ್ಲ. ಕೊಡಲಿಯವನು ಮೆಟ್ಟಿಲು ಹತ್ತಿದಾಗ ಎಸರನ್ನು ಅವನ ಎದೆಗೆ ಎರಚಿದಳು. ಅವನ ಚೀತ್ಕಾರಕ್ಕೆ ಅಕ್ಕಪಕ್ಕದ ಮನೆಗಳವರು ಒನಕೆ, ದೊಣ್ಣೆ ಹಿಡಿದು ಹೊರಗೆ ಬಂದರು. ಗುಂಪು ಚದುರಿತು.

ಜ್ಞಾನಮ್ಮ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿ, ಮೊದಲು ಆಡಿದ ಮಾತು, “ಆ ಹುಡುಗನ್ನ ಇಲ್ಲಿಗೆ ಕರ್ಕೊಂಬನ್ನಿ. ಹೆಂಗೂ ಏಟು ತಿಂದಾಯ್ತು, ಏನೂ ಮಾಡ್ದೆ ಸುಮ್ಮನೆ ಯಾಕೆ ತಿನ್ಬೇಕು?”

ಹಾಗೆ ಸಿದ್ದಯ್ಯ ನಮ್ಮ ಮನೆಗೆ ಬಂದ. ಅಷ್ಟರಲ್ಲಿ ಮೂವರ ಸಮಿತಿಯೊಂದು ನನ್ನ ವಿಚಾರಣೆ ನಡೆಸಿತು. ನಂಜರಾಜನ ತಂದೆಗೆ ಲಿಖಿತ ಕ್ಷಮಾಪಣೆ ಕೊಡಬೇಕು, ಸಿದ್ದಯ್ಯನನ್ನು ಒಳಗೆ ಕರೆದದ್ದು ತಪ್ಪೆಂದು ಬರೆಯಬೇಕು ಅಂದರು. ನಾನು ಎರಡು ಕಾಗದ ಬರೆದೆ. ಒಂದರಲ್ಲಿ, ವಿದ್ಯಾರ್ಥಿಯ ಎಲುಬು ಮುರಿದದ್ದಕ್ಕೆ ಯಾವ ನೆಪವನ್ನೂ ಹೇಳದೆ ಕ್ಷಮೆ ಕೇಳಿದೆ. ಇನ್ನೊಂದರಲ್ಲಿ, ಹಾಜರಿ ಪುಸ್ತಕದಲ್ಲಿ ಹೆಸರಿರುವವನನ್ನು ಬೋರ್ಡಿಗೆ ಕರೆಯುವುದು ನನ್ನ ಕೆಲಸ, ಜೂನ್ ತಿಂಗಳಲ್ಲೇ ಕರೆಯದೆ ಇದ್ದದ್ದು ನನ್ನ ತಪ್ಪು ಎಂದು ಬರೆದೆ. ನನ್ನನ್ನು ಅಂದೇ ಸಸ್ಪೆಂಡ್ ಮಾಡಿದರು. ಕೈ ಮುರಿಸಿಕೊಂಡವನನ್ನೂ ಕೈ ಮುರಿದವರನ್ನೂ ಒಂದೇ ಸಾಲಿನಲ್ಲಿಟ್ಟು, ಎಲ್ಲರಿಗೂ ಪರೀಕ್ಷೆಗೆ ಕೂರಲು ಅನುಮತಿ ಕೊಟ್ಟರು. ಸಿದ್ದಯ್ಯ ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬ ಬರೆಯುವವನನ್ನು ಕೊಡಿ ಎಂಬ ನಮ್ಮ ಅರ್ಜಿಯನ್ನು ಮಾತ್ರ ತಳ್ಳಿಹಾಕಿದರು.

ಉಳಿದದ್ದು ಎಡಗೈ. ಮೊದಲ ದಿನ ಒಂದು ಪುಟ ಬರೆಯಲು ಅವನಿಗೆ ಐವತ್ತು ನಿಮಿಷ ಹಿಡಿಯಿತು. ಅಕ್ಷರ ತಲೆಕೆಳಗಾಗುತ್ತಿತ್ತು. ಎಡಗೈ ಮುಂದೆ ಸರಿದಂತೆ ಹಸಿ ಮಸಿಯನ್ನೆಲ್ಲ ಬಳಿದುಕೊಂಡು ಹೋಗಿ, ಪುಟ ಒರೆಸಿದ ನೆಲದಂತಾಗುತ್ತಿತ್ತು. ಜ್ಞಾನಮ್ಮ ಬ್ಲಾಟಿಂಗ್ ಪೇಪರನ್ನು ಬಟ್ಟೆಗೆ ಹೊಲಿದು, ಅಂಗೈಯಡಿಗೆ ಕಟ್ಟಿಕೊಳ್ಳುವ ಒಂದು ಚೀಲ ಮಾಡಿಕೊಟ್ಟಳು. ಕೈ ನಿಧಾನವಾದ್ದರಿಂದ ಉತ್ತರವನ್ನೇ ಚಿಕ್ಕದು ಮಾಡಬೇಕಾಯಿತು. ಒಂದು ಪುಟದ ಸಾಧನೆಯನ್ನು ಆರು ಸಾಲಿಗೆ, ಆರನ್ನು ನಾಲ್ಕಕ್ಕೆ ಇಳಿಸುವುದೇ ನಮ್ಮ ದಿನದ ಕೆಲಸ. ಎಷ್ಟೋ ಕಡೆ ಅವನು ಕಂಡುಕೊಂಡ ದಾರಿ ನನ್ನದಕ್ಕಿಂತ ಒಳ್ಳೆಯದಾಗಿತ್ತು. ನೋವು ಹೆಚ್ಚಾದಾಗ ಮುರಿದ ಕೈಯನ್ನು ಗೋಡೆಗೆ ಗುದ್ದಲು ಹೋಗುತ್ತಿದ್ದ. ಒಂದು ದಿನ ಮಸಿಕುಡಿಕೆಯನ್ನು ಎತ್ತಿ ಎಸೆದೇಬಿಟ್ಟ. ಆಮೇಲೆ ಒದ್ದೆ ಬಟ್ಟೆ ತಂದು, ಗೋಡೆಯ ಮೇಲೆ ಇಳಿಯುತ್ತಿದ್ದ ಮಸಿಯನ್ನು ಎಡಗೈಯಲ್ಲೇ ಒರೆಸಿದ.

ಎರಡನೆಯ ವಾರದಲ್ಲಿ ಅದೇ ತರಗತಿಯ ಶ್ರೀಕಂಠ ಎಂಬ ಹುಡುಗ ನಮ್ಮ ಬಾಗಿಲಿಗೆ ಬಂದ. ಮಠದ ಶಿಷ್ಯರಾದ ವ್ಯಾಪಾರಿಗಳ ಮನೆಯವನು, ಮೃದು ಸ್ವಭಾವದವನು. ನನ್ನ ಕಾಲು ನೋಡುತ್ತ, “ನಾನೂ ಒದ್ದೆ ಸಾರ್. ಎರಡು ಸಲ,” ಅಂದ. ಅಳುತ್ತಿದ್ದ. ಒಳಗೆ ಮಣೆಯ ಮೇಲೆ ಕೂತಿದ್ದ ಸಿದ್ದಯ್ಯ ತಲೆ ಎತ್ತಲಿಲ್ಲ. ಶ್ರೀಕಂಠ ಮೂರು ದಿನ ಹಾಗೇ ಬಂದು, ಜಗುಲಿಯಲ್ಲಿ ಕೂತು, ಹಾಗೇ ಹೋದ. ನಾಲ್ಕನೆಯ ದಿನ ಸಿದ್ದಯ್ಯನೇ, “ಒಳೀಕ್ ಬಂದು ಪ್ರಶ್ನೆ ಓದು. ಗಡಿಯಾರ ನೋಡ್ಕೊ,” ಅಂದ. ಆಮೇಲೆ ಪರೀಕ್ಷೆಯವರೆಗೆ ಶ್ರೀಕಂಠ ಪ್ರಶ್ನೆ ಓದಿದ, ಕಾಗದಕ್ಕೆ ಗೆರೆ ಹಾಕಿಕೊಟ್ಟ, ಸಮಯ ಹೇಳಿದ. ಸಿದ್ದಯ್ಯ ಅವನಿಗೆ ಟ್ರಿಗನಾಮೆಟ್ರಿ ಹೇಳಿಕೊಟ್ಟ.

“ಅವನನ್ನು ಕ್ಷಮಿಸಿದೆಯಾ?” ಎಂದು ನಾನು ಒಮ್ಮೆ ಕೇಳಿದೆ.

“ಇಲ್ಲ ಸಾರ್. ಅವನ್ಗೆ ಲೆಕ್ಕ ಬರಾಕಿಲ್ಲ, ಏಳ್ಕೊಡ್ತೀನಿ. ಅದು ಬೇರೆ.”

ಮಾರ್ಚ್ ತಿಂಗಳ ಮೂರನೆಯ ವಾರ ಪರೀಕ್ಷೆ ಶುರುವಾಯಿತು. ಗಣಿತದ ಮೊದಲ ಪತ್ರಿಕೆಯ ದಿನ ಬೆಳಿಗ್ಗೆ ಸಿದ್ದಯ್ಯನ ತಂದೆ ಊರುಗೋಲು ಊರಿಕೊಂಡು ನಮ್ಮ ಮನೆಗೆ ಬಂದರು. ಜೊತೆಗೆ ಲಾಯದ ಆರು ಜನ ಆಳುಗಳು, ಹುಲ್ಲು ಕೆದರುವ ಕವೆಗೋಲು ಹಿಡಿದವರು. ನಾವು ಅವನನ್ನು ನಡುವೆ ಮಾಡಿಕೊಂಡು ಹೊರಟೆವು. ಪರೀಕ್ಷೆಯ ಕಟ್ಟಡಕ್ಕೆ ಇನ್ನೂರು ಗಜವಿರುವಾಗ ತಿರುವಿನಲ್ಲಿ ಹತ್ತು ಹನ್ನೆರಡು ಜನ ಅಡ್ಡಲಾದರು. ಮಾತಿಲ್ಲ, ಕತೆಯಿಲ್ಲ, ಕಲ್ಲು ಬಂದವು. ಒಂದು ಅವನ ತಂದೆಯ ಕಿವಿಯ ಮೇಲೆ ಬಿದ್ದು ಕಿವಿಯ ಹಾಲೆ ಹರಿಯಿತು. ಸಿದ್ದಯ್ಯ ನಿಂತುಬಿಟ್ಟ.

“ಅಪ್ಪಾ!”

“ನಡೀಲಾ,” ಎಂದು ತಂದೆ ಒದರಿದರು. ಕಿವಿಯಿಂದ ರಕ್ತ ಕತ್ತಿನೊಳಗೆ ಹರಿಯುತ್ತಿತ್ತು. “ನಿಂತ್ಕೊಂಡ್ರೆ ಒತ್ತಾಯ್ತದೆ. ನಡಿ!”

ಲಾಯದವರು ಕವೆಗೋಲು ಮುಂದೆ ಮಾಡಿ ನುಗ್ಗಿದರು. ಎದುರಿನವರಲ್ಲಿ ಒಬ್ಬನ ತೊಡೆಗೆ ಕವೆ ಇಳಿಯಿತು. ಇನ್ನೊಬ್ಬನ ಮುಂಗೈಯನ್ನು ಆ ಕುಂಟ ತಂದೆಯ ಊರುಗೋಲು ಮುರಿಯಿತು. ಧೂಳು, ಬೈಗುಳ, ನೆಲದ ಮೇಲೆ ರಕ್ತ. ಅದರ ನಡುವೆ ಎಲ್ಲಿಂದಲೋ ಬಂದ ಶ್ರೀಕಂಠ ಸಿದ್ದಯ್ಯನ ತೋಳು ಹಿಡಿದು ಎಳೆದುಕೊಂಡು ಓಡಿದ. ಇಬ್ಬರೂ ಗೇಟಿನೊಳಗೆ ಹೋದಾಗ ಗಂಟೆ ಹೊಡೆಯುತ್ತಿತ್ತು.

ಮೂರು ಗಂಟೆ ನಾವು ಎದುರಿನ ಮರದ ಕೆಳಗೆ ಕೂತಿದ್ದೆವು. ಸಿದ್ದಯ್ಯ ಹೊರಗೆ ಬಂದಾಗ ಎಡಗೈ ಬೆರಳಿನ ಚರ್ಮ ಸುಲಿದಿತ್ತು. “ಎಂಟರಲ್ಲಿ ಏಳು ಮಾಡ್ದೆ ಸಾರ್. ಎಂಟನೇದು ಗೊತ್ತಿತ್ತು, ಬರೆಯಾಕ್ ಒತ್ತಾಗ್ಲಿಲ್ಲ,” ಎಂದು ಹೇಳಿ, ತಂದೆಯ ಕಿವಿಯನ್ನು ನೋಡಿ, ಅಲ್ಲೇ ಕುಕ್ಕರಿಸಿ ಕೂತು ವಾಂತಿ ಮಾಡಿದ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ಅವನಿಗೆ ಮೊದಲ ದರ್ಜೆ. ನಂಜರಾಜನೂ ಪಾಸಾದ, ಮುಂದೆ ವಕೀಲನಾದ. ಎಷ್ಟೋ ವರ್ಷದ ಮೇಲೆ ಕೃಷ್ಣಮೂರ್ತಿಪುರದ ಒಂದು ಬೀದಿಯಲ್ಲಿ ಎದುರಾದಾಗ ನನ್ನನ್ನು ಗುರುತಿಸಿ, ಮಾತಾಡದೆ ದಾಟಿಹೋದ. ಅವನ ಎಡ ಭುಜ ಕೊಂಚ ಇಳಿದೇ ಇತ್ತು. ಅದು ನನ್ನ ಕೈಕೆಲಸ. ಅವನು ಮಾಡಿದ್ದು ನಾನು ಮಾಡಿದ್ದನ್ನು ಅಳಿಸುವುದಿಲ್ಲ ಎಂಬುದನ್ನು ನಾನು ಆ ಭುಜ ನೋಡಿ ಮತ್ತೊಮ್ಮೆ ಒಪ್ಪಿಕೊಂಡೆ.

ಸಿದ್ದಯ್ಯ ಅದೇ ಕಾಲೇಜಿನಲ್ಲಿ ಬಿ.ಎ. ಗಣಿತಕ್ಕೆ ಸೇರಿದ. ಆ ಜೂನ್‌ನಲ್ಲಿ ನಾನು ವರ್ಗವಾಗಿ ಹೋಗಿದ್ದ ಊರಿಗೆ ಅವನ ಕಾಗದ ಬಂತು, ಎಡಗೈ ಅಕ್ಷರದಲ್ಲಿ: ಒಳಗೆ ಕೂತಿದ್ದೇನೆ. ಪಕ್ಕದಲ್ಲಿ ಶ್ರೀಕಂಠ ಕೂರುತ್ತಾನೆ. ಉಳಿದವರು ಒಂದು ಬೆಂಚು ಬಿಟ್ಟು ಕೂರುತ್ತಾರೆ. ಹೊಡೆಯುವುದನ್ನು ನಿಲ್ಲಿಸಿದ್ದಾರೆ. ಅವನ ಬಲಗೈಯ ಎರಡು ಬೆರಳು ಕೊನೆಯವರೆಗೂ ನೆಟ್ಟಗಾಗಲಿಲ್ಲ. ಅವನು ಮುಂದೆ ಹೈಸ್ಕೂಲು ಮೇಷ್ಟ್ರಾಗಿ, ತನ್ನ ಕೇರಿಯಿಂದಲೇ ಹನ್ನೊಂದು ಮಕ್ಕಳನ್ನು ಗಣಿತದ ಡಿಗ್ರಿಯವರೆಗೆ ತಲುಪಿಸಿದ. ಪ್ರೊಫೆಸರ್ ಆಗಬೇಕಾಗಿದ್ದವನು ಮೇಷ್ಟ್ರಾದದ್ದು ನನಗೆ ಇವತ್ತಿಗೂ ನೋವೇ.

ನನ್ನ ಸಸ್ಪೆನ್ಷನ್ ತೆಗೆದು, ತಾಲ್ಲೂಕಿನ ಊರೊಂದರ ಹೈಸ್ಕೂಲಿಗೆ ವರ್ಗ ಮಾಡಿದ್ದರು. ನನ್ನ ಉದ್ಯೋಗ ನನಗೆ ಕಲಿಸಿದ್ದು ಏನು ಎಂದು ಕೇಳಿದರೆ ಇಷ್ಟು ಹೇಳಬಲ್ಲೆ. ಏಟು ತಿನ್ನುವ ವಿದ್ಯಾರ್ಥಿಯನ್ನು ಕಣ್ಣಿಗೆ ಬೀಳದ ಮೂಲೆಯಲ್ಲಿ ಕೂರಿಸಿ ಕಾಪಾಡುತ್ತೇನೆ ಎಂದುಕೊಳ್ಳುವ ಮೇಷ್ಟ್ರು, ಹೊಡೆಯುವವರ ಅರ್ಧ ಕೆಲಸವನ್ನು ತಾನೇ ಮಾಡಿಕೊಟ್ಟಿರುತ್ತಾನೆ. ಗಣಿತ ಬಲ್ಲವನಿಗೆ ಪಾಠಕ್ಕಿಂತ ಮೊದಲು ಬೇಕಾದದ್ದು, ತಾನು ಗಣಿತದವನೆಂದು ಎಲ್ಲರ ಮುಂದೆ ನಿಂತು ಹೇಳುವ ಜಾಗ. ಆ ಜಾಗದಲ್ಲಿ ಮೇಷ್ಟ್ರು ಮೊದಲು ತಾನು ನಿಲ್ಲಬೇಕು.

ಹೊಸ ಸ್ಕೂಲಿನಲ್ಲಿ ಮೊದಲ ದಿನ ನಾನು ಹಾಜರಿ ಕರೆಯುವ ಮುಂಚೆ ನನ್ನ ಹೆಸರು ಹೇಳಿದೆ, ತಾತನ ಹೆಸರು ಹೇಳಿದೆ, ಅವರು ಹುಟ್ಟಿದ ಕೇರಿಯ ಹೆಸರನ್ನೂ ಹೇಳಿದೆ. ಐದು ಜನ ಎದ್ದು ಹೊರಗೆ ಹೋದರು. ಉಳಿದವರಿಗೆ ಪಾಠ ಮಾಡಿದೆ. ಸುದ್ದಿ ಕೇಳಿ ಹೆಡ್‌ಮಾಸ್ಟರು ಗಾಬರಿಯಿಂದ ಕರೆಸಿದರು. ಒಳ್ಳೆಯ ಮನುಷ್ಯರೇ.

“ಯಾಕೆ ಹೇಳಿಬಿಟ್ರಿ ರಾಯಪ್ಪನವರೇ? ನಿಮ್ಮನ್ನ ಯಾರೂ ಕೇಳಿರಲಿಲ್ಲವಲ್ಲ!”

“ಮೈಸೂರಿನಲ್ಲಿ ಒಬ್ಬ ನಾನು ಹೇಳಲಿ ಅಂತ ಎಂಟು ತಿಂಗಳು ಕಾದ ಸಾರ್,” ಅಂದೆ. “ಇನ್ನೊಬ್ಬರನ್ನ ಕಾಯಿಸೋ ಧೈರ್ಯ ನನಗಿಲ್ಲ.”

ಮುಂದಿನ ಪೀರಿಯಡ್‌ಗೆ ಹೊತ್ತಾಗಿತ್ತು. ನಾನು ಎದ್ದು ತರಗತಿಗೆ ಹೋದೆ.